ಸಮವಸ್ತ್ರ ತೊಟ್ಟ ಆರೋಪಿಗೂ ವಕೀಲ ಬೇಕು

ಸೈನ್ಯದಲ್ಲಿರುವ ಒಬ್ಬನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತೆಂದರೆ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. “ಇಂಥವನ ಪರ ವಾದಿಸೋಕೆ ವಕೀಲರಿಗೆ ಮನಸ್ಸಾದರೂ ಹೇಗೆ ಬರುತ್ತೆ?” ಎನ್ನುವುದು ಒಂದು. “ಗಡಿ ಕಾಯುವ ಯೋಧ ಹೀಗೆ ಮಾಡೋದುಂಟೇ? ಆ ಹೆಣ್ಣೇ ಸುಳ್ಳು ಹೇಳ್ತಿದ್ದಾಳೆ” ಎನ್ನುವುದು ಇನ್ನೊಂದು. ಸಾಕ್ಷಿಗಳನ್ನು ಕೇಳುವ ಮೊದಲೇ ತೀರ್ಪು ಬರೆದುಬಿಡುವುದರಲ್ಲಿ ಎರಡೂ ಮಾತು ಒಂದೇ. ಸೇನಾ ನ್ಯಾಯಾಲಯದ ಪ್ರಕರಣಗಳನ್ನು ನಡೆಸುವ ವಕೀಲನಾಗಿ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ಆರೋಪಿಯ ಪರವಾಗಿ ಗಟ್ಟಿಯಾದ, ಮರ್ಯಾದೆಯ ವಾದ ನಡೆದರೆ ಮಾತ್ರ ಅಲ್ಲಿ ಬರುವ ತೀರ್ಪು ನಿಲ್ಲುತ್ತದೆ. ಅದರಿಂದ ನಿರಪರಾಧಿಗೆ ರಕ್ಷಣೆ ಸಿಗುತ್ತದೆ. ನೊಂದ ಹೆಣ್ಣುಮಗಳಿಗೂ ಅದೇ ರಕ್ಷಣೆ.

ಮೊದಲು, ಇಂಥ ಪ್ರಕರಣ ಯಾವ ನ್ಯಾಯಾಲಯಕ್ಕೆ ಹೋಗುತ್ತದೆ ಎನ್ನುವುದನ್ನು ನೋಡೋಣ. ಭೂಸೇನೆಗೆ 1950ರ ಸೇನಾ ಕಾಯ್ದೆ ಇದೆ. ವಾಯುಪಡೆಗೂ ಅದೇ ವರ್ಷದ ಕಾಯ್ದೆ, ನೌಕಾಪಡೆಗೆ 1957ರ ಕಾಯ್ದೆ. ದೇಶದ ಸಾಮಾನ್ಯ ಕಾನೂನಿನಲ್ಲಿ ಅಪರಾಧವೆನಿಸಿದ್ದು ಸೈನಿಕನಿಗೂ ಅಪರಾಧವೇ, ಅದನ್ನು ಸೇನೆಯದೇ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್ ವಿಚಾರಿಸಬಹುದು ಎಂದು ಸೇನಾ ಕಾಯ್ದೆಯ 69ನೇ ಕಲಂ ಹೇಳುತ್ತದೆ. ಅದರ ಬೆನ್ನಿಗೇ ಬರುವ 70ನೇ ಕಲಂ ಒಂದು ಗೆರೆ ಎಳೆಯುತ್ತದೆ. ಸೈನ್ಯಕ್ಕೆ ಸೇರದ ನಾಗರಿಕರ ಮೇಲೆ ಕೊಲೆ ಅಥವಾ ಅತ್ಯಾಚಾರ ನಡೆದರೆ ಕೋರ್ಟ್ ಮಾರ್ಷಲ್‌ಗೆ ವಿಚಾರಣೆಯ ಅಧಿಕಾರವಿಲ್ಲ. ಅದು ಸೆಷನ್ಸ್ ನ್ಯಾಯಾಲಯದ ಪಾಲು. ಸಕ್ರಿಯ ಸೇವೆಯಲ್ಲಿದ್ದಾಗ, ದೇಶದ ಹೊರಗೆ, ಅಥವಾ ಸರ್ಕಾರ ಗೊತ್ತುಪಡಿಸಿದ ಗಡಿ ಠಾಣೆಯಲ್ಲಿ ಕೃತ್ಯ ನಡೆದಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಈ ವಿನಾಯಿತಿಯೂ ಇರಬಾರದು, ಸಶಸ್ತ್ರ ಪಡೆಯವರು ಹೆಣ್ಣಿನ ಮೇಲೆ ನಡೆಸುವ ಲೈಂಗಿಕ ಹಿಂಸೆಯನ್ನು ಸಾಮಾನ್ಯ ಕಾನೂನಿನ ಅಡಿಗೇ ತರಬೇಕು ಎಂದು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರಲ್ಲಿ ಶಿಫಾರಸು ಮಾಡಿತ್ತು.

ಆರೋಪಿ ಮತ್ತು ದೂರುದಾರೆ ಇಬ್ಬರೂ ಸೈನ್ಯದವರೇ ಆಗಿದ್ದರೆ ಎರಡು ದಾರಿಗಳಿವೆ. ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯವೋ ಸೇನಾ ನ್ಯಾಯಾಲಯವೋ ಎಂದು ಮೊದಲು ತೀರ್ಮಾನಿಸುವ ಅವಕಾಶ 125ನೇ ಕಲಂ ಪ್ರಕಾರ ಸೇನಾಧಿಕಾರಿಗಿದೆ. 2021ರಲ್ಲಿ ಕೊಯಮತ್ತೂರಿನ ವಾಯುಪಡೆ ಕಾಲೇಜಿನಲ್ಲಿ ಮಹಿಳಾ ಅಧಿಕಾರಿಯೊಬ್ಬರು ಸಹೋದ್ಯೋಗಿಯ ಮೇಲೆ ಅತ್ಯಾಚಾರದ ದೂರು ಕೊಟ್ಟಾಗ ನಗರದ ಪೊಲೀಸರು ಆರೋಪಿಯನ್ನು ಬಂಧಿಸಿದರು. ಆಮೇಲೆ ಅಲ್ಲಿನ ನ್ಯಾಯಾಲಯ ಅವನನ್ನು ವಾಯುಪಡೆಗೆ ಒಪ್ಪಿಸಿತು. ಸೇನಾಧಿಕಾರಿ ಪ್ರಕರಣ ತನಗೆ ಬೇಕೆಂದು ಕೇಳದಿದ್ದರೆ ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯದ ಅಧಿಕಾರಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ, ಸಿಕ್ಕಿಂ ರಾಜ್ಯದಿಂದ ಬಂದ ಕೊಲೆ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಆರೋಪಿಯ ವಕೀಲ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಪ್ರಕರಣ ಈ ನ್ಯಾಯಾಲಯದ ಮುಂದೆ ಬರುವುದು ಸರಿಯೇ? ಅಧಿಕಾರವಿಲ್ಲದ ನ್ಯಾಯಾಲಯ ಎಷ್ಟೇ ಶ್ರದ್ಧೆಯಿಂದ ವಿಚಾರಣೆ ನಡೆಸಿದರೂ ಕೊನೆಗೆ ಎಲ್ಲವೂ ನೀರುಪಾಲು.

ಈಗ ಸೇನೆಯೊಳಗೆ ಏನಾಗುತ್ತದೆ ನೋಡಿ. ದೂರು ಬಂದ ಕೂಡಲೇ ಸಾಮಾನ್ಯವಾಗಿ ಕೋರ್ಟ್ ಆಫ್ ಎನ್‌ಕ್ವಯರಿ ನಡೆಯುತ್ತದೆ. ಹೆಸರಿನಲ್ಲಿ ಕೋರ್ಟ್ ಇದ್ದರೂ ಅದು ನ್ಯಾಯಾಲಯವಲ್ಲ, ಇಲಾಖೆಯ ತನಿಖೆ. ಒಬ್ಬನ ನಡತೆಗೆ, ಸೈನಿಕ ಗೌರವಕ್ಕೆ ಧಕ್ಕೆ ತರುವ ವಿಷಯವಾದರೆ ತನಿಖೆಯ ಉದ್ದಕ್ಕೂ ಹಾಜರಿರಲು, ಸಾಕ್ಷಿಗಳನ್ನು ಪಾಟಿಸವಾಲು ಮಾಡಲು ಅವನಿಗೆ ಪೂರ್ಣ ಅವಕಾಶವಿರಬೇಕು ಎಂದು 1954ರ ಸೇನಾ ನಿಯಮಗಳ 180ನೇ ನಿಯಮ ಹೇಳುತ್ತದೆ. ಆ ತನಿಖೆಯ ಹೇಳಿಕೆಗಳನ್ನು ಮುಂದೆ ಕೋರ್ಟ್ ಮಾರ್ಷಲ್‌ನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ 182ನೇ ನಿಯಮ. ಎಷ್ಟೋ ಜವಾನರಿಗೆ ಈ ಎರಡು ನಿಯಮಗಳು ಇವೆ ಎಂಬುದೇ ಗೊತ್ತಿರುವುದಿಲ್ಲ.

ಮುಂದಿನ ಹಂತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಕಮಾಂಡಿಂಗ್ ಆಫೀಸರರ ಕೊಠಡಿ. ಟೋಪಿ, ಬೆಲ್ಟು ಕಳಚಿದ ಜವಾನನನ್ನು ಹೆಜ್ಜೆ ಹಾಕಿಸುತ್ತ ಒಳಗೆ ತರುತ್ತಾರೆ. ಮೇಜಿನ ಮುಂದೆ ಅವನು ಸಾವಧಾನ್ ಸ್ಥಿತಿಯಲ್ಲಿ ನಿಂತಿರುತ್ತಾನೆ. ಎಡಬಲಕ್ಕೆ ಎಸ್ಕಾರ್ಟ್, ಬಾಗಿಲ ಬಳಿ ಸುಬೇದಾರ್ ಮೇಜರ್ ಸಾಹೇಬರು. ಆರೋಪ ಓದುತ್ತಾರೆ, ಒಬ್ಬೊಬ್ಬರೇ ಸಾಕ್ಷಿಗಳು ಬಂದು ಹೇಳಿಕೆ ಕೊಡುತ್ತಾರೆ. ಪ್ರತಿಯೊಬ್ಬರದು ಮುಗಿದ ಮೇಲೂ ಅವನನ್ನು ಕೇಳುತ್ತಾರೆ: “ಕೋಯೀ ಸವಾಲ್?” ಅವನು ಗೋಡೆ ನೋಡುತ್ತ ಹೇಳುತ್ತಾನೆ: “ನಹೀ ಸಾಬ್.” ಸಾಕ್ಷಿಯನ್ನು ಪಾಟಿಸವಾಲು ಮಾಡಲು ಆರೋಪಿ ನಿರಾಕರಿಸಿದ ಎಂದು ಕಾಗದದಲ್ಲಿ ದಾಖಲಾಗುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ಭರ್ತಿಯಾಗಿ, ಮೇಲಿನವರಿಗೆ ಎದುರಾಡಬಾರದೆಂದು ದಿನವೂ ಕಲಿತ ಹುಡುಗ ಆ ಕ್ಷಣದಲ್ಲಿ ತನ್ನದೇ ಅಧಿಕಾರಿಯ ಮುಂದೆ ಪ್ರಶ್ನೆ ಕೇಳಿಯಾನೆ? ಇಪ್ಪತ್ತೆರಡನೇ ನಿಯಮ ಅವನಿಗೆ ಕೊಟ್ಟಿರುವ ದೊಡ್ಡ ಹಕ್ಕೊಂದು ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಆರೋಪ ನಿಲ್ಲುವಂಥದಲ್ಲ ಎನಿಸಿದರೆ ಅದನ್ನು ಅಲ್ಲೇ ವಜಾ ಮಾಡುವ ಅಧಿಕಾರ ಕಮಾಂಡಿಂಗ್ ಆಫೀಸರರಿಗೆ ಆ ಹಂತದಲ್ಲಿ ಇರುತ್ತದೆ ಎನ್ನುವುದನ್ನು ನೆನಪಿಡಿ.

ಅದಾದ ಮೇಲೆ ಸಮರಿ ಆಫ್ ಎವಿಡೆನ್ಸ್. ಸಾಕ್ಷಿಗಳ ಮಾತನ್ನೆಲ್ಲ ಬರೆದುಕೊಂಡು ಕೊನೆಗೆ ಆರೋಪಿಯನ್ನು ಕೇಳುತ್ತಾರೆ: ನೀನು ಏನಾದರೂ ಹೇಳಬೇಕೆಂದಿದ್ದೀಯಾ? ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಅದನ್ನು ಸಾಕ್ಷ್ಯವಾಗಿ ಬಳಸಬಹುದು ಎಂಬ ಎಚ್ಚರಿಕೆಯನ್ನೂ ಕೊಡಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 20ನೇ ವಿಧಿಯಲ್ಲಿ ಬರೆದದ್ದು ಸೈನಿಕನಿಗೂ ಅನ್ವಯಿಸುತ್ತದೆ. ಆದರೂ “ಒಪ್ಪಿಕೊಂಡುಬಿಡು, ಸಣ್ಣದರಲ್ಲಿ ಮುಗಿಸೋಣ, ಪಿಂಚಣಿ ಉಳಿಯುತ್ತೆ” ಎಂಬ ಬುದ್ಧಿವಾದ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಅಧಿಕಾರದಲ್ಲಿರುವವರು ಆಮಿಷ ಒಡ್ಡಿಯೋ ಹೆದರಿಸಿಯೋ ಪಡೆದ ತಪ್ಪೊಪ್ಪಿಗೆಗೆ ಸಾಕ್ಷ್ಯ ಕಾನೂನಿನಲ್ಲಿ ಬೆಲೆಯಿಲ್ಲ. ಆಮಿಷವಿತ್ತು ಎಂದು ವರ್ಷಗಳ ಮೇಲೆ ತೋರಿಸಿಕೊಡುವುದು ಮಾತ್ರ ಕಷ್ಟ. ಅದಕ್ಕೇ ನಾನು ಯಾವಾಗಲೂ ಹೇಳುತ್ತೇನೆ: ವಕೀಲನ ಸಲಹೆ ಬೇಕಾಗಿರುವುದು ವಿಚಾರಣೆಯ ದಿನವಲ್ಲ, ಈ ಹಂತಕ್ಕಿಂತ ಮೊದಲು.

ಗಂಭೀರ ಪ್ರಕರಣ ಜನರಲ್ ಕೋರ್ಟ್ ಮಾರ್ಷಲ್‌ಗೆ ಹೋಗುತ್ತದೆ. ಅಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂರುತ್ತಾರೆ. ಜೊತೆಗೆ ಕಾನೂನಿನ ವಿಷಯದಲ್ಲಿ ಸಲಹೆ ಕೊಡುವ ಜಡ್ಜ್ ಅಡ್ವೊಕೇಟ್ ಇರಲೇಬೇಕು. ಆರೋಪಿಗೆ ತನ್ನ ಪರ ನಿಲ್ಲುವ ಒಬ್ಬ ಡಿಫೆಂಡಿಂಗ್ ಆಫೀಸರ್ ಬೇಕೇ ಎಂದು ವಿಚಾರಿಸಿ, ಬೇಕೆಂದರೆ ಒದಗಿಸಲು ಶ್ರಮಿಸುವುದು ನ್ಯಾಯಾಲಯ ಕರೆದ ಅಧಿಕಾರಿಯ ಕರ್ತವ್ಯ. ಆ ಅಧಿಕಾರಿ ಕಾನೂನು ಓದಿದವರೇ ಆಗಿರಬೇಕೆಂದಿಲ್ಲ. ಹೊರಗಿನ ವಕೀಲರನ್ನು ಇಟ್ಟುಕೊಳ್ಳುವುದಕ್ಕೂ ಅವಕಾಶವಿದೆ. ಶಾಂತಿ ಕಾಲದ ಠಾಣೆಯಲ್ಲಿ ವಿಚಾರಣೆಗೆ ಕನಿಷ್ಠ 96 ಗಂಟೆ ಮೊದಲು ಆರೋಪಿಗೆ ತಿಳಿಸಬೇಕು, ಸಾಕ್ಷಿಗಳನ್ನೂ ವಕೀಲರನ್ನೂ ಅವನು ಅಡೆತಡೆಯಿಲ್ಲದೆ ಭೇಟಿಯಾಗುವಂತಿರಬೇಕು. ಸಮರಿ ಕೋರ್ಟ್ ಮಾರ್ಷಲ್‌ನ ಕಥೆ ಬೇರೆ. ಅಲ್ಲಿ ಕಮಾಂಡಿಂಗ್ ಆಫೀಸರರೇ ನ್ಯಾಯಪೀಠ. ಆರೋಪಿಯ ಪಕ್ಕ ಒಬ್ಬ ‘ಫ್ರೆಂಡ್’ ಕೂರಬಹುದು, ಪ್ರಶ್ನೆ ಸೂಚಿಸಬಹುದು, ಬಾಯಿಬಿಟ್ಟು ವಾದಿಸುವಂತಿಲ್ಲ.

ವಿಚಾರಣೆಯ ಆರಂಭದಲ್ಲೇ ಸೇನಾ ಕಾಯ್ದೆಯ 130ನೇ ಕಲಂ ಒಂದು ಪ್ರಶ್ನೆ ಕೇಳಿಸುತ್ತದೆ: ಈ ಪೀಠದಲ್ಲಿ ಕೂತ ಯಾರ ಬಗ್ಗೆಯಾದರೂ ನಿನಗೆ ಆಕ್ಷೇಪವಿದೆಯೇ? ಇದು ಬರಿಯ ಶಾಸ್ತ್ರವಲ್ಲ. 1987ರ ರಂಜಿತ್ ಠಾಕೂರ್ ಪ್ರಕರಣವನ್ನು ಸೇನಾ ಕಾನೂನು ಬಲ್ಲವರೆಲ್ಲ ನೆನೆಯುತ್ತಾರೆ. ಸಿಗ್ನಲ್‌ಮನ್ ಆಗಿದ್ದ ಠಾಕೂರ್ ತನ್ನ ಕಮಾಂಡಿಂಗ್ ಆಫೀಸರರ ಮೇಲೆಯೇ ದೂರು ಬರೆದಿದ್ದ. ಆಮೇಲೆ ಊಟ ಮಾಡಲು ಒಲ್ಲೆನೆಂದು ಆದೇಶ ಮೀರಿದ ಎಂಬ ಆರೋಪ ಅವನ ಮೇಲೆ ಬಂತು. ಅವನ ವಿಚಾರಣೆ ನಡೆಸಿದ ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಅದೇ ಅಧಿಕಾರಿ ಕೂತಿದ್ದರು. ಆಕ್ಷೇಪವಿದೆಯೇ ಎಂದು ಕೇಳಿರಲೂ ಇಲ್ಲ. ಒಂದು ವರ್ಷದ ಸಜೆ, ಮೇಲೆ ನೌಕರಿಯಿಂದ ವಜಾ. ಸುಪ್ರೀಂ ಕೋರ್ಟು ಅದೆಲ್ಲವನ್ನೂ ರದ್ದುಪಡಿಸಿತು. ಆ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ತೀರ್ಪು ಕೊಡುವವನಿಗೆ ತಾನು ಪಕ್ಷಪಾತಿಯಲ್ಲ ಎನಿಸಿದರೆ ಸಾಲದು, ಎದುರು ನಿಂತವನ ಮನಸ್ಸಿನಲ್ಲಿ ಸಹಜವಾದ ಅಳುಕು ಹುಟ್ಟುವಂತಿದ್ದರೂ ಅವನು ಆ ಪೀಠದಿಂದ ಏಳಬೇಕು ಎನ್ನುವುದು ಆ ತೀರ್ಪಿನ ಸಾರ. ಲೈಂಗಿಕ ಅಪರಾಧದ ಪ್ರಕರಣದಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ದೂರು ಬಂದ ದಿನದಿಂದಲೇ ಯೂನಿಟ್ಟಿನಲ್ಲಿ ಪ್ರತಿಯೊಬ್ಬರೂ ಒಂದು ಕಡೆ ಸೇರಿಬಿಟ್ಟಿರುತ್ತಾರೆ.

ಇನ್ನು ವಾದದ ಮಾತು. ಇಂಥ ಪ್ರಕರಣದಲ್ಲಿ ಆರೋಪಿಯ ಪರ ವಾದ ಎಂದರೆ ಹೆಣ್ಣಿನ ಶೀಲ ಕೆದಕುವುದು ಎಂದು ಜನ ತಿಳಿದಿದ್ದಾರೆ. ಹಿಂದೆ ಹಾಗೆ ನಡೆಯುತ್ತಿತ್ತು, ನಿಜ. ಇಂದು ಅವಳ ಹಿಂದಿನ ಸಂಬಂಧಗಳನ್ನು ಕೇಳಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಒಳ್ಳೆಯ ವಕೀಲ ಹುಡುಕುವುದು ಬೇರೆಯದನ್ನೇ. ಆ ರಾತ್ರಿ ಗಾರ್ಡ್ ರೂಮಿನ ರಿಜಿಸ್ಟರಿನಲ್ಲಿ ಯಾರ ಹೆಸರಿದೆ? ಡ್ಯೂಟಿ ಪಟ್ಟಿಯಲ್ಲಿ ಆರೋಪಿಯನ್ನು ಎಲ್ಲಿ ಹಾಕಿದ್ದರು? ಗೇಟಿನಲ್ಲಿ ಬಂದುಹೋದವರ ಪುಸ್ತಕ ಏನು ಹೇಳುತ್ತದೆ? ಎಂ.ಐ. ರೂಮಿನ, ಅಂದರೆ ಯೂನಿಟ್ಟಿನ ಚಿಕಿತ್ಸಾ ಕೊಠಡಿಯ, ವೈದ್ಯರು ಬರೆದ ಟಿಪ್ಪಣಿಗೂ ನ್ಯಾಯಾಲಯದಲ್ಲಿ ಹೇಳಿದ ಮಾತಿಗೂ ತಾಳೆಯಿದೆಯೇ? ಫೋನಿನ ಸಂದೇಶಗಳನ್ನು ಪೂರ್ತಿ ತಂದಿದ್ದಾರೆಯೇ, ನಡುವಿನ ನಾಲ್ಕು ಸಾಲನ್ನಷ್ಟೇ ಮುದ್ರಿಸಿ ಇಟ್ಟಿದ್ದಾರೆಯೇ? ವಿದ್ಯುನ್ಮಾನ ದಾಖಲೆಯ ನಕಲು ಕೊಡುವಾಗ ಕಾನೂನು ಹೇಳಿದ ಪ್ರಮಾಣಪತ್ರ ಇರಲೇಬೇಕೆಂದು ಸುಪ್ರೀಂ ಕೋರ್ಟು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಆರೋಪ ಬಂದ ಜವಾನನನ್ನು ಬೇರೆ ಯೂನಿಟ್ಟಿಗೆ ‘ಅಟ್ಯಾಚ್’ ಮಾಡಿಬಿಟ್ಟಿರುತ್ತಾರೆ. ರಿಜಿಸ್ಟರುಗಳು ಹಳೆಯ ಯೂನಿಟ್ಟಿನಲ್ಲೇ ಉಳಿದಿರುತ್ತವೆ, ಜೊತೆಗಿದ್ದವರು ವರ್ಗವಾಗಿ ಚದುರಿಹೋಗಿರುತ್ತಾರೆ. ಆ ಪುಸ್ತಕಗಳನ್ನು ಜೋಪಾನ ಮಾಡಿ ಎಂದು ಮೊದಲ ವಾರದಲ್ಲೇ ಲಿಖಿತವಾಗಿ ಕೇಳದಿದ್ದರೆ ಆಮೇಲೆ ಸಿಗುವುದು ಅನುಮಾನ.

ಕಾನೂನು ಎಲ್ಲಿ ನಿಂತಿದೆ ಎನ್ನುವುದನ್ನೂ ವಕೀಲ ಆರೋಪಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ನಂಬಲರ್ಹವಾಗಿದ್ದರೆ ದೂರುದಾರೆಯೊಬ್ಬಳ ಮಾತೇ ಶಿಕ್ಷೆಗೆ ಸಾಕು ಎಂದು 1996ರ ಗುರ್ಮೀತ್ ಸಿಂಗ್ ಪ್ರಕರಣದಿಂದ ಈಚೆಗೆ ಗಟ್ಟಿಯಾಗಿ ನಿಂತಿದೆ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಅವಳು ಕೂಗಲಿಲ್ಲ, ತಳ್ಳಲಿಲ್ಲ ಎಂದಮಾತ್ರಕ್ಕೆ ಒಪ್ಪಿದಳು ಎಂದಾಗುವುದಿಲ್ಲ. ಸೈನ್ಯದಲ್ಲಂತೂ ಶ್ರೇಣಿಯ ಭಾರ ದೊಡ್ಡದು. ಕೆಳಗಿನ ಹುದ್ದೆಯಲ್ಲಿರುವ ಹೆಣ್ಣುಮಗಳು “ಎಸ್ ಸರ್” ಎಂದದ್ದನ್ನೆಲ್ಲ ಸಮ್ಮತಿ ಎಂದುಕೊಳ್ಳಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಂ, ತನ್ನ ಹತೋಟಿಯಲ್ಲಿರುವ ಹೆಣ್ಣಿನ ಮೇಲೆ ಅತ್ಯಾಚಾರ ಎಸಗಿದವನಿಗೂ, ನಿಯೋಜಿತ ಪ್ರದೇಶದಲ್ಲಿ ಅದೇ ಕೃತ್ಯ ಮಾಡಿದ ಸಶಸ್ತ್ರ ಪಡೆಯವನಿಗೂ ಕನಿಷ್ಠ 10 ವರ್ಷದ ಕಠಿಣ ಸಜೆ ಇಟ್ಟಿದೆ. ಇದೆಲ್ಲ ಆದ ಮೇಲೂ, ಆರೋಪವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವ ಹೊಣೆ ಆರೋಪ ಹೊರಿಸಿದವರದೇ. ಆ ಹೊಣೆ ಸರಿಯಾಗಿ ನಿಭಾವಣೆಯಾಯಿತೇ ಎಂದು ತೂಗಿ ನೋಡಿಸುವುದು ಆರೋಪಿಯ ವಕೀಲನ ಕೆಲಸ. ಅದಕ್ಕಾಗಿ ಅವನು ಯಾರನ್ನೂ ಅವಮಾನಿಸಬೇಕಾಗಿಲ್ಲ.

ವಾದ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಸದಸ್ಯರು ಅಭಿಪ್ರಾಯ ಹೇಳುತ್ತಾರೆ. ಇಲ್ಲಿ ಒಂದು ಹಳೆಯ, ವಿವೇಕದ ಪದ್ಧತಿಯಿದೆ: ಮೊದಲು ಬಾಯಿಬಿಡುವವರು ಎಲ್ಲರಿಗಿಂತ ಕಿರಿಯ ಶ್ರೇಣಿಯ ಅಧಿಕಾರಿ. ಹಿರಿಯರು ಮೊದಲು ಹೇಳಿದರೆ ಕಿರಿಯರು ತಲೆಯಾಡಿಸಿಬಿಟ್ಟಾರು ಎಂಬ ಅಂಜಿಕೆ ಇದರ ಹಿಂದಿದೆ. ಬಹುಮತದಿಂದ ನಿರ್ಣಯ, ಮತ ಸಮಸಮವಾದರೆ ಲಾಭ ಆರೋಪಿಗೆ. ಆದರೆ ಹೊರಗಿನವರಿಗೆ ಅಚ್ಚರಿಯೆನಿಸುವ ಸಂಗತಿ ಮುಂದಿದೆ. ಈ ನಿರ್ಣಯ ಮೇಲಧಿಕಾರಿ ದೃಢಪಡಿಸುವ ತನಕ ಊರ್ಜಿತವಲ್ಲ. ನಿರ್ದೋಷಿ ಎಂದು ಬಂದ ತೀರ್ಪನ್ನೂ ಮರುಪರಿಶೀಲಿಸಿ ಎಂದು ಒಮ್ಮೆ ವಾಪಸು ಕಳಿಸಬಹುದು. ಪೀಠ ರಚಿಸುವುದು ಕಮಾಂಡು, ತೀರ್ಪನ್ನು ದೃಢಪಡಿಸುವುದೂ ಕಮಾಂಡು. ಪೀಠದಲ್ಲಿ ಕೂತವರ ಬಡ್ತಿಯ ವರದಿಗಳೂ ಅದೇ ಸಾಲಿನಲ್ಲಿ ಮೇಲೆ ಹೋಗುತ್ತವೆ. ಪತ್ರಿಕೆಗಳಲ್ಲಿ ಗದ್ದಲವಾದ ಪ್ರಕರಣದಲ್ಲಿ ‘ಕಠಿಣ ಕ್ರಮ ಕೈಗೊಂಡೆವು’ ಎಂದು ತೋರಿಸುವ ಒತ್ತಡ, ಗದ್ದಲವಾಗದ ಪ್ರಕರಣದಲ್ಲಿ ‘ಯೂನಿಟ್ಟಿನ ಮಾನ ಉಳಿಯಲಿ’ ಎಂದು ಮುಚ್ಚಿಹಾಕುವ ಒತ್ತಡ, ಎರಡೂ ಇದೇ ಬಾಗಿಲಿನಿಂದ ಒಳಬರುತ್ತವೆ. ಒಮ್ಮೆ ಬಲಿಯಾಗುವುದು ಆರೋಪಿ, ಇನ್ನೊಮ್ಮೆ ದೂರುದಾರೆ.

ಬೇರೆ ದೇಶಗಳು ಇದನ್ನು ತಿದ್ದಿಕೊಂಡಿವೆ. ಅಮೆರಿಕದಲ್ಲಿ 2023ರ ಡಿಸೆಂಬರ್ ಕೊನೆಯಿಂದ ಅತ್ಯಾಚಾರದಂಥ ಆರೋಪಗಳಲ್ಲಿ ಮೊಕದ್ದಮೆ ಹೂಡುವ ನಿರ್ಧಾರ ಕಮಾಂಡರುಗಳ ಕೈಬಿಟ್ಟು, ಅದಕ್ಕೆಂದೇ ನೇಮಕವಾದ ಸ್ವತಂತ್ರ ಸೇನಾ ವಕೀಲರ ಕೈಸೇರಿದೆ. ಆರೋಪಿಗೆ ಸರ್ಕಾರದ ಖರ್ಚಿನಲ್ಲೇ, ಅವನ ಕಮಾಂಡರಿಗೆ ಅಧೀನರಲ್ಲದ, ಕಾನೂನು ಓದಿದ ಸೇನಾ ವಕೀಲರು ಸಿಗುತ್ತಾರೆ. ನಮ್ಮಲ್ಲೂ ಇವೆರಡು ಬದಲಾವಣೆಗಳು ಒಟ್ಟಿಗೇ ಬರಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಒಂದನ್ನು ತಂದು ಇನ್ನೊಂದನ್ನು ಬಿಟ್ಟರೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ.

ನಮ್ಮಲ್ಲಿ ಬಹುಕಾಲ ಮೇಲ್ಮನವಿಯೇ ಇರಲಿಲ್ಲ. ಈ ಕೊರತೆಯನ್ನು ಸುಪ್ರೀಂ ಕೋರ್ಟು 1982ರಲ್ಲಿ, ಪೃಥೀಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ನೋವಿನಿಂದಲೇ ಎತ್ತಿ ತೋರಿಸಿತು. ಕಾಯ್ದೆ ಬರಲು 25 ವರ್ಷ ಹಿಡಿಯಿತು. 2007ರ ಕಾಯ್ದೆಯಂತೆ 2009ರ ಆಗಸ್ಟಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಶುರುಮಾಡಿತು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಲ್ಲಿ ದಾಖಲೆಗಳನ್ನು ಮತ್ತೆ ಜಾಲಾಡುತ್ತಾರೆ. ಪಾಟಿಸವಾಲಿಗೆ ಅವಕಾಶ ಕೊಡದಿದ್ದರೆ, ಪಕ್ಷಪಾತದ ಆಕ್ಷೇಪ ಕೇಳದಿದ್ದರೆ, ತಪ್ಪೊಪ್ಪಿಗೆಯನ್ನು ಹೆದರಿಸಿ ಪಡೆದಿದ್ದರೆ ಶಿಕ್ಷೆ ಅಲ್ಲಿ ಬಿದ್ದುಹೋಗುವ ಸಂಭವವಿದೆ. ಆಗ ಆರೋಪಿ ನಿಜವಾಗಿ ತಪ್ಪು ಮಾಡಿದ್ದರೂ ಹೊರಬರಬಹುದು. ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದು, ನೂರು ಪ್ರಶ್ನೆಗಳಿಗೆ ಉತ್ತರಿಸಿದ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ? ಆರೋಪಿಯ ಹಕ್ಕನ್ನು ಮೊದಲ ದಿನವೇ ಗೌರವಿಸಿದ್ದರೆ ಅವಳಿಗೆ ಸಿಕ್ಕ ನ್ಯಾಯವೂ ಕೊನೆಯ ತನಕ ಉಳಿಯುತ್ತಿತ್ತು.

ಈ ಮಾತು ನಮ್ಮ ನಾಡಿಗೆ ದೂರದ್ದೇನಲ್ಲ. ಕೊಡಗು, ಬೆಳಗಾವಿ, ಧಾರವಾಡ, ಗದಗಗಳಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಬೇಕಾದಷ್ಟಿವೆ. ಸೇನಾ ಪೊಲೀಸ್ ದಳದ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. 2021ರ ಮೇ 8ರಂದು ಅಲ್ಲಿಂದಲೇ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಸೇನೆ ಸೇರಿತು. ಈಗ ಅಗ್ನಿವೀರರಾಗಿ ನಮ್ಮ ಹುಡುಗರೂ ಹೋಗುತ್ತಿದ್ದಾರೆ, ಹುಡುಗಿಯರೂ ಹೋಗುತ್ತಿದ್ದಾರೆ. ಇಬ್ಬರಿಗೂ ನಂಬಿಕೆ ಇರಬೇಕಾದದ್ದು ಒಂದೇ ನ್ಯಾಯಾಲಯದ ಮೇಲೆ.

ಕೊನೆಯದಾಗಿ ಸೈನಿಕರ ಮನೆಯವರಿಗೆ ಕೆಲವು ಮಾತು. ಮಗನ ಮೇಲೆ ಇಂಥ ಆರೋಪ ಬಂದಾಗ ದೂರು ಕೊಟ್ಟವಳ ಮನೆಗೆ ರಾಜಿಗೆ ಹೋಗಬೇಡಿ, ಫೋನು ಮಾಡಬೇಡಿ. ಅದು ಬೆದರಿಕೆಯೆಂದು ದಾಖಲಾದೀತು, ಎಷ್ಟೋ ಸಲ ಅದು ಬೆದರಿಕೆಯೇ ಆಗಿರುತ್ತದೆ. ಅತ್ಯಾಚಾರದ ದೂರು ಕೊಟ್ಟವಳ ಹೆಸರನ್ನು, ಭಾವಚಿತ್ರವನ್ನು ಎಲ್ಲೂ ಹರಡಬೇಡಿ, ಅದೇ ಒಂದು ಅಪರಾಧ. ಫೋನಿನಲ್ಲಿರುವ ಸಂದೇಶಗಳನ್ನು ಅಳಿಸಬೇಡಿ, ನಿಮಗೆ ವಿರುದ್ಧವಾಗಿ ಕಂಡದ್ದನ್ನೂ ಅಳಿಸಬೇಡಿ. ಬಾಯಿಮಾತಿನಲ್ಲಿ ಏನನ್ನೂ ಕೇಳಬೇಡಿ. ದಾಖಲೆಗಳ ಪ್ರತಿ, ಡಿಫೆಂಡಿಂಗ್ ಆಫೀಸರ್, ಸಾಕ್ಷಿಗಳ ಪಟ್ಟಿ ಎಲ್ಲವನ್ನೂ ಅರ್ಜಿ ಬರೆದು ಕೇಳಿ, ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಕೇಳಿಬಂದದ್ದನ್ನೆಲ್ಲ ಮಗ ಗಾಬರಿಯಿಂದ ಒಪ್ಪಿಕೊಳ್ಳುವ ಮುನ್ನ ಸೇನಾ ಕಾನೂನು ಬಲ್ಲ ವಕೀಲರನ್ನು ಕಾಣಿ, ಅವರ ಮುಂದೆ ಸತ್ಯವನ್ನೇ ಹೇಳಿ. ದೂರು ಕೊಟ್ಟಿರುವುದು ನಿಮ್ಮ ಮಗಳಾದರೆ ಆರೋಪಿಗೆ ವಕೀಲ ಸಿಕ್ಕನೆಂದು ಎದೆಗುಂದಬೇಡಿ. ಎದುರು ವಾದವನ್ನು ತಡೆದುಕೊಂಡು ನಿಂತ ಸತ್ಯವನ್ನು ಮೇಲಿನ ಯಾವ ನ್ಯಾಯಾಲಯವೂ ಸುಲಭವಾಗಿ ಕೆಡವಲಾರದು. ಹಾಗೆಯೇ ನಾಡಿನ ಎಲ್ಲರಲ್ಲೂ ನನ್ನ ವಿನಂತಿ: ಸಮವಸ್ತ್ರ ನೋಡಿ ಯಾರನ್ನೂ ನಿರ್ದೋಷಿ ಎನ್ನಬೇಡಿ, ಆರೋಪ ಕೇಳಿ ಯಾರನ್ನೂ ಅಪರಾಧಿ ಎನ್ನಬೇಡಿ. ಆ ತೀರ್ಮಾನ ಎರಡೂ ಕಡೆಯ ಮಾತನ್ನು ಪೂರ್ತಿ ಕೇಳಿದ ನ್ಯಾಯಾಲಯಕ್ಕೆ ಸೇರಿದ್ದು.